ಮುಗಿದ ವೇಪ್ ಯಾವ ಬಿನ್‌ಗೆ? ಬ್ರಿಟನ್‌ನಲ್ಲಿರುವವರಿಗೆ ಹಂತ ಹಂತದ ಮಾರ್ಗದರ್ಶಿ

"ಅಕ್ಕ, ಇದನ್ನ ಯಾವ ಬಿನ್‌ಗೆ ಹಾಕೋದು? ಕಪ್ಪು ಬಿನ್‌ಗಾ, ನೀಲಿ ಬಿನ್‌ಗಾ?"

ಊರಿಂದ ಓದಲು ಬರುವ ಹುಡುಗ ಹುಡುಗಿಯರು ಸೆಪ್ಟೆಂಬರ್‌ನಲ್ಲಿ ಬಾಡಿಗೆ ಮನೆ ಸೇರಿ ಎರಡು ವಾರ ಆಗುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಜೊತೆಗೊಂದು ಫೋಟೋ. ಅಡುಗೆಮನೆ ಡ್ರಾಯರ್‌ನಲ್ಲಿ ಚಮಚಗಳ ಪಕ್ಕ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಏಳೆಂಟು ಬಣ್ಣಬಣ್ಣದ ವೇಪ್, ಅಂದರೆ ಇ-ಸಿಗರೇಟ್. ಮಗನ ಸ್ಕೂಲ್ ಬ್ಲೇಜರ್ ಜೇಬಲ್ಲಿ ಒಂದು ಸಿಕ್ಕಿತು ಅಂತ ಗಾಬರಿಯಲ್ಲಿ ಕೇಳುವ ಅಮ್ಮಂದಿರೂ ಇದ್ದಾರೆ. ಮಗಳ ಮನೆಗೆ ಆರು ತಿಂಗಳಿಗೆ ಬಂದ ಅಪ್ಪ, ಬೆಳಗಿನ ವಾಕಿಂಗ್‌ನಲ್ಲಿ "ಹೈಲೈಟರ್ ಪೆನ್ ಸಿಕ್ತು" ಅಂತ ಮನೆಗೆ ತಂದದ್ದೂ ಉಂಟು.

ಎಲ್ಲರಿಗೂ ಉತ್ತರ ಒಂದೇ. ಯಾವ ಬಿನ್‌ಗೂ ಅಲ್ಲ. ನಿಮ್ಮ ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಯಾವ ಬಣ್ಣದ್ದು ಕೊಟ್ಟಿದ್ದರೂ ಅಲ್ಲ. ಹಾಗಾದರೆ ಎಲ್ಲಿಗೆ, ಹೇಗೆ ಅನ್ನೋದನ್ನ ಒಂದೇ ಕಡೆ ಬರೆದಿಟ್ಟರೆ ಪ್ರತಿ ಸಲ ಟೈಪ್ ಮಾಡೋದು ತಪ್ಪುತ್ತದೆ ಅಂತ ಇದನ್ನು ಬರೆದಿದ್ದೇನೆ. ಸೇದೋದು ಸರಿಯಾ ತಪ್ಪಾ ಅನ್ನೋ ಚರ್ಚೆಗೆ ನಾನು ಹೋಗೋದಿಲ್ಲ.

ಒಳಗೆ ಏನಿದೆ

ವೇಪ್‌ನಲ್ಲಿ ಹೊಗೆಸೊಪ್ಪು ಇಲ್ಲ, ಕಡ್ಡಿ ಗೀರೋದೂ ಇಲ್ಲ. ಹತ್ತಿಯಲ್ಲೋ ಸ್ಪಂಜಿನಲ್ಲೋ ನೆನೆದ ನಿಕೋಟಿನ್ ದ್ರವ ಇರುತ್ತದೆ. ಅದನ್ನು ಕಾಯಿಸಿ ಹಬೆ ಮಾಡೋದಕ್ಕೆ ಸಣ್ಣ ತಂತಿಯ ಸುರುಳಿ, ಅಂದರೆ ಕಾಯಿಲ್. ನೀವು ಬಾಯಿಟ್ಟು ಎಳೆದದ್ದನ್ನು ಕಂಡುಹಿಡಿಯೋ ಒಂದು ಸೆನ್ಸರ್. ಒಂದು ಪುಟ್ಟ ದೀಪ. ಇವನ್ನೆಲ್ಲ ನಡೆಸೋದು ಲಿಥಿಯಂ ಬ್ಯಾಟರಿ, ನಿಮ್ಮ ಮೊಬೈಲ್‌ನಲ್ಲಿ ಇರುವ ಜಾತಿಯದೇ.

ಇಲ್ಲೊಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಯೂಸ್ ಅಂಡ್ ಥ್ರೋ ವೇಪ್‌ನಲ್ಲಿ ಚಾರ್ಜರ್ ಚುಚ್ಚೋ ಜಾಗವೇ ಇರದಿದ್ದರೂ ಒಳಗಿನ ಬ್ಯಾಟರಿ ಮತ್ತೆ ಮತ್ತೆ ಚಾರ್ಜ್ ಆಗುವಂಥದ್ದೇ. ಯೂನಿವರ್ಸಿಟಿ ಕಾಲೇಜ್ ಲಂಡನ್ ಮತ್ತು ಆಕ್ಸ್‌ಫರ್ಡ್ ಸಂಶೋಧಕರು 2023ರಲ್ಲಿ ಎಸೆದ ವೇಪ್‌ಗಳ ಬ್ಯಾಟರಿ ತೆಗೆದು ಪರೀಕ್ಷೆ ಮಾಡಿದರು. 450ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಿದರೂ ಅವು ಚೆನ್ನಾಗಿಯೇ ಕೆಲಸ ಮಾಡಿದವು. ಅಂದರೆ ವೇಪ್ "ಮುಗಿಯಿತು" ಅಂತ ನಾವು ಅಂದಾಗ ಎಷ್ಟೋ ಸಲ ಮುಗಿದಿರೋದು ದ್ರವ ಮಾತ್ರ. ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇರುತ್ತದೆ.

ಅಪಾಯ ಇರೋದು ಅಲ್ಲೇ. ಬಿನ್‌ಗೆ ಹಾಕಿದ ವೇಪ್ ಕಸದ ಲಾರಿಗೆ ಹೋಗುತ್ತದೆ. ಲಾರಿಯ ಹಿಂಭಾಗದಲ್ಲಿ ಕಸವನ್ನು ಒತ್ತಿ ಚಪ್ಪಟೆ ಮಾಡುವ ಯಂತ್ರ ಇದೆ. ಅದು ಬ್ಯಾಟರಿಯನ್ನೂ ಒತ್ತುತ್ತದೆ. ಬ್ಯಾಟರಿಯೊಳಗೆ ಎರಡು ಪದರಗಳ ನಡುವೆ ಪ್ಲಾಸ್ಟಿಕ್‌ನ ತೀರಾ ತೆಳುವಾದ ಹಾಳೆ ಇರುತ್ತದೆ. ಅದು ಹರಿದರೆ ಶಾರ್ಟ್ ಸರ್ಕಿಟ್. ಆಮೇಲೆ ಬ್ಯಾಟರಿ ತಾನಾಗಿ ಬಿಸಿಯಾಗುತ್ತಾ ಹೋಗುತ್ತದೆ, ಬಿಸಿ ಏರಿದಷ್ಟೂ ಒಳಗಿನ ರಾಸಾಯನಿಕ ಕ್ರಿಯೆ ಜೋರಾಗುತ್ತದೆ, ಕೊನೆಗೆ ಬುಸ್ ಅಂತ ಬೆಂಕಿ ಉಗುಳುತ್ತದೆ. ಇದಕ್ಕೆ ಥರ್ಮಲ್ ರನ್‌ಅವೇ ಅನ್ನುತ್ತಾರೆ. ಸುತ್ತ ರಟ್ಟು, ಕಾಗದ ಇದ್ದರೆ ಕೇಳಬೇಕಾ? ಚಾಲಕ ಇಡೀ ಲೋಡ್ ಅನ್ನು ರಸ್ತೆ ಮೇಲೆ ಸುರಿದು ಅಗ್ನಿಶಾಮಕದವರಿಗೆ ಕಾಯಬೇಕು.

ಇದು ಅಪರೂಪಕ್ಕೆ ಆಗೋದಲ್ಲ. ಎಲೆಕ್ಟ್ರಿಕ್ ವಸ್ತುಗಳ ಮರುಬಳಕೆಗೆ ಕೆಲಸ ಮಾಡುವ ಮೆಟೀರಿಯಲ್ ಫೋಕಸ್ ಸಂಸ್ಥೆ 2023ರಲ್ಲಿ ಹೇಳಿದ ಲೆಕ್ಕದ ಪ್ರಕಾರ ಬ್ರಿಟನ್‌ನಲ್ಲಿ ವಾರಕ್ಕೆ ಸುಮಾರು 50 ಲಕ್ಷ ಯೂಸ್ ಅಂಡ್ ಥ್ರೋ ವೇಪ್ ಎಸೆಯಲಾಗುತ್ತಿತ್ತು. ಬ್ಯಾಟರಿಗಳಿಂದ ಕಸದ ಲಾರಿ ಮತ್ತು ಕಸದ ಘಟಕಗಳಲ್ಲಿ ಹತ್ತಿದ ಬೆಂಕಿ 2022ರಲ್ಲಿ ಸುಮಾರು 700 ಇದ್ದದ್ದು, ಎರಡು ವರ್ಷದೊಳಗೆ 1,200 ದಾಟಿತು ಅಂತಲೂ ಅದೇ ಸಂಸ್ಥೆ 2024ರಲ್ಲಿ ಹೇಳಿದೆ.

"ಯೂಸ್ ಅಂಡ್ ಥ್ರೋ ಬ್ಯಾನ್ ಆಯ್ತಲ್ಲ?" ಅಂತ ಕೇಳುತ್ತೀರಿ. ಹೌದು, 2025ರ ಜೂನ್ 1ರಿಂದ ಇಡೀ ಬ್ರಿಟನ್‌ನಲ್ಲಿ ಅವುಗಳ ಮಾರಾಟ ನಿಂತಿದೆ. ನಿಂತದ್ದು ಮಾರಾಟ ಮಾತ್ರ, ನಿಮ್ಮ ಹತ್ತಿರ ಹಳೆಯದು ಇದ್ದರೆ ಅದು ಅಪರಾಧ ಅಲ್ಲ. ಈಗ ಮಾರುವ ವೇಪ್‌ಗೆ ಚಾರ್ಜಿಂಗ್ ಜಾಗ ಇರಬೇಕು, ದ್ರವ ಮತ್ತೆ ತುಂಬುವಂತಿರಬೇಕು. ಆದರೆ ನೋಡೋದಕ್ಕೆ ಹಳೆಯದರ ಹಾಗೇ ಇರುವ, ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ ಇರುವ ಹೊಸ ವೇಪ್‌ಗಳು ಬಂದಿವೆ. ಜನ ಅವನ್ನೂ ಒಂದು ಸಲ ಸೇದಿ ಎಸೆಯುತ್ತಿದ್ದಾರೆ. ಹಾಗಾಗಿ ಈ ಬರಹಕ್ಕೆ ಇನ್ನೂ ಕೆಲಸ ಇದೆ.

ಏನೇನು ಬೇಕು

ಜಾಸ್ತಿ ಏನಿಲ್ಲ. ಒಂದು ರೋಲ್ ಟೇಪ್, ಎಲೆಕ್ಟ್ರಿಕಲ್ ಟೇಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸೆಲ್ಲೋಟೇಪ್. ಖಾಲಿಯಾದ ಒಂದು ಪ್ಲಾಸ್ಟಿಕ್ ಡಬ್ಬಿ, ಮೊಸರಿನ ದೊಡ್ಡ ಡಬ್ಬಿ ಸಾಕು, ತೊಳೆದು ಪೂರ್ತಿ ಒಣಗಿಸಿರಬೇಕು. ಒಂದು ಜೊತೆ ರಬ್ಬರ್ ಕೈಗವಸು. ಸ್ವಲ್ಪ ಒಣ ಮರಳು ಇದ್ದರೆ ವಾಸಿ, ಮಕ್ಕಳ ಆಟದ ಮರಳು ಮನೆ ರಿಪೇರಿ ಸಾಮಾನಿನ (ಡಿಐವೈ) ಅಂಗಡಿಯಲ್ಲಿ ಸಿಗುತ್ತದೆ.

ಒಂದನ್ನು ಮಾತ್ರ ಬಳಸಬೇಡಿ. ಎಲ್ಲರ ಮನೆಯಲ್ಲೂ ಬಟರ್ ಕುಕೀಸ್‌ನ ಆ ನೀಲಿ ತಗಡಿನ ಡಬ್ಬಿ ಇರುತ್ತಲ್ವಾ, ಮುಚ್ಚಳ ತೆಗೆದರೆ ಸೂಜಿ ದಾರ ಇರುತ್ತದಲ್ಲ, ಅದು. ಬಿಡಿ ಬ್ಯಾಟರಿಯ ಎರಡು ತುದಿಗೂ ತಗಡು ತಾಕಿದರೆ ತಗಡೇ ತಂತಿಯಾಗಿ ಶಾರ್ಟ್ ಆಗುತ್ತದೆ. ಸೂಜಿಗಳ ಜೊತೆ ಅಂತೂ ಬೇಡವೇ ಬೇಡ.

ಹಂತ 1: ನಿಮ್ಮ ಹತ್ತಿರ ಇರೋದು ಯಾವ ಜಾತಿ ನೋಡಿ

ಯೂಸ್ ಅಂಡ್ ಥ್ರೋ: ಒಂದೇ ತುಂಡು, ಬಿಚ್ಚೋದಕ್ಕೆ ಆಗುವ ಭಾಗ ಇಲ್ಲ. ಪಾಡ್ ವೇಪ್: ಮೇಲಿನ ಬಾಯಿಭಾಗ ಎಳೆದರೆ ಕಿತ್ತು ಬರುತ್ತದೆ. ಅದೇ ಪಾಡ್, ದ್ರವ ಇರುವ ಸಣ್ಣ ಡಬ್ಬಿ. ಕೆಳಗಿನ ಭಾಗದಲ್ಲಿ ಬ್ಯಾಟರಿ, ಯುಎಸ್‌ಬಿ ಜಾಗ. ಮಾಡ್ ಅನ್ನೋದು ದೊಡ್ಡದು, ಕೈತುಂಬಾ ಬರುತ್ತದೆ. ಅದರಲ್ಲಿ ಕೆಲವಕ್ಕೆ ಟಾರ್ಚ್‌ನ ಹಾಗೆ ಬ್ಯಾಟರಿ ಹೊರಗೆ ತೆಗೆಯಬಹುದು. 18650 ಅಂತ ಬರೆದಿರುವ, ಪೆನ್ಸಿಲ್ ಸೆಲ್‌ಗಿಂತ ದಪ್ಪನೆಯ ಸೆಲ್ ಅದು. ಹೊಗೆಸೊಪ್ಪಿನ ಕಡ್ಡಿಯನ್ನೇ ಕಾಯಿಸುವ ಯಂತ್ರಗಳೂ ಇವೆ. ಅವು ಸಿಗರೇಟ್‌ನ ಸಂಬಂಧಿ ಆದರೂ ಬಿಸಾಕುವ ವಿಷಯದಲ್ಲಿ ವೇಪ್‌ನ ಹಾಗೇ.

ಜಾತಿ ಗೊತ್ತಾಗದಿದ್ದರೆ ಮೊದಲನೆಯದು ಅಂದುಕೊಂಡು ಮುಂದೆ ಹೋಗಿ. ಅಂದರೆ ಏನನ್ನೂ ಬಿಚ್ಚಬೇಡಿ.

ಹಂತ 2: ಜಖಂ ಆಗಿದೆಯಾ ನೋಡಿ

ಈ ಹಂತದಲ್ಲಿ ಎರಡು ನಿಮಿಷ ಕೊಡಿ. ಬೆಳಕಿನಲ್ಲಿ ಇಟ್ಟು ಸುತ್ತ ತಿರುಗಿಸಿ ನೋಡಿ.

ಪ್ಲಾಸ್ಟಿಕ್ ಚಿಪ್ಪು ಎರಡು ಭಾಗ ಸೇರುವ ಗೆರೆ ಇರುತ್ತದೆ. ಅದು ನೇರವಾಗಿ, ಬಿಗಿಯಾಗಿ ಇರಬೇಕು. ಮಧ್ಯದಲ್ಲಿ ಗೆರೆ ಬಾಯಿ ಬಿಟ್ಟಿದ್ದರೆ, ಉಗುರು ತೂರುವಷ್ಟು ಸಂದು ಇದ್ದರೆ, ಒಳಗೆ ಬ್ಯಾಟರಿ ಉಬ್ಬಿದೆ ಅಂತ ಅನುಮಾನ ಪಡಿ. ಮೇಜಿನ ಮೇಲೆ ಇಟ್ಟರೆ ಚಪ್ಪಟೆ ವೇಪ್ ಅಲುಗದೆ ಕೂರಬೇಕು, ದೋಣಿಯ ಹಾಗೆ ತೂಗಿದರೆ ಅದೂ ಉಬ್ಬಿದ ಲಕ್ಷಣ. ಮೂಗಿಗೆ ಹತ್ತಿರ ಒಯ್ಯದೆ ಗಾಳಿಯಲ್ಲಿ ವಾಸನೆ ಗಮನಿಸಿ. ಮಾವು, ಸ್ಟ್ರಾಬೆರಿ ಅಂತ ಬರೋದು ದ್ರವದ ಸುವಾಸನೆ, ಅದಕ್ಕೆ ಹೆದರಬೇಡಿ. ಉಗುರಿನ ಬಣ್ಣ ತೆಗೆಯೋ ದ್ರಾವಣದ ಥರ ಸಿಹಿಯಾಗಿ, ಚುರುಕಾಗಿ ಬಂದರೆ ಬ್ಯಾಟರಿ ಸೋರಿರಬಹುದು. ಮುಟ್ಟಿದರೆ ಬೆಚ್ಚಗಿದ್ದರೂ ಹುಷಾರ್. ಸುಮ್ನೆ ಬಿದ್ದಿರುವ ವಸ್ತು ತಾನಾಗಿ ಬಿಸಿಯಾಗೋದಕ್ಕೆ ಕಾರಣ ಇಲ್ಲ.

ಇವುಗಳಲ್ಲಿ ಒಂದು ಲಕ್ಷಣ ಕಂಡರೂ ಅದನ್ನು ಒಳಗೆ ಇಟ್ಟುಕೊಳ್ಳಬೇಡಿ. ಕೈಗವಸು ಹಾಕಿ, ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿ ಹೂತಿಟ್ಟು ಹೊರಗೆ ಇಡಿ. ಗೋಡೆ, ಬೇಲಿ, ಬಿನ್‌ಗಳಿಂದ ದೂರ, ಮಳೆ ಬೀಳದ ಕಡೆ. ಆಮೇಲೆ ಕೌನ್ಸಿಲ್‌ಗೆ ಫೋನ್ ಮಾಡಿ, ಬ್ಯಾಟರಿ ಉಬ್ಬಿದೆ ಅಂತ ಹೇಳಿ, ಎಲ್ಲಿಗೆ ತರಲಿ ಅಂತ ಕೇಳಿ. ಕೇಳದೆ ಬಸ್ಸಿನಲ್ಲಿ ಹಿಡಿದುಕೊಂಡು ಹೋಗಬೇಡಿ.

ಹೊಗೆ ಬರುತ್ತಿದ್ದರೆ? ಎತ್ತಿ ಹೊರಗೆ ಎಸೆಯುವ ಸಾಹಸ ಬೇಡ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಥರದ ವಿಷಾನಿಲ ಇರುತ್ತದೆ. ಎಲ್ಲರನ್ನೂ ಕರೆದುಕೊಂಡು ಆಚೆ ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ, ತುರ್ತು ಸೇವೆಯ ಸಂಖ್ಯೆ 999ಕ್ಕೆ ಫೋನ್ ಮಾಡಿ.

ಹಂತ 3: ಆಫ್ ಮಾಡಿ

ಗುಂಡಿ ಇರುವ ವೇಪ್‌ಗಳಲ್ಲಿ ಹೆಚ್ಚಿನವು ಗುಂಡಿಯನ್ನು ಐದು ಸಲ ಬೇಗ ಬೇಗ ಒತ್ತಿದರೆ ಆಫ್ ಆಗುತ್ತವೆ. ದೀಪ ಮಿನುಗಿ ಆರುತ್ತದೆ. ಸ್ವಿಚ್ ಇದ್ದರೆ ಇನ್ನೂ ಸುಲಭ. ಯೂಸ್ ಅಂಡ್ ಥ್ರೋಗೆ ಎರಡೂ ಇಲ್ಲ. ಅದರ ಬಾಯಿತುದಿಗೆ ಮತ್ತು ಕೆಳಗಿನ ಗಾಳಿ ತೂತಿಗೆ ಒಂದೊಂದು ತುಂಡು ಟೇಪ್ ಅಂಟಿಸಿ. ದ್ರವ ಸೋರೋದಿಲ್ಲ, ಸೆನ್ಸರ್‌ಗೆ ಗಾಳಿ ತಾಕಿ ತಾನಾಗಿ ಹೊತ್ತಿಕೊಳ್ಳುವ ಸಂಭವವೂ ಕಡಿಮೆ.

ಬಿಸಾಕುವ ಮುಂಚೆ ಫುಲ್ ಚಾರ್ಜ್ ಮಾಡುವವರೂ ಇದ್ದಾರೆ, ಯಾಕೋ ಗೊತ್ತಿಲ್ಲ. ಮಾಡಬೇಡಿ. ಚಾರ್ಜ್ ಕಡಿಮೆ ಇದ್ದಷ್ಟೂ ಬೆಂಕಿಯ ಶಕ್ತಿ ಕಡಿಮೆ.

ಹಂತ 4: ಕೈಯಲ್ಲಿ ಬರೋದನ್ನು ಮಾತ್ರ ಬಿಚ್ಚಿ

ಪಾಡ್ ಎಳೆದರೆ ಬರುತ್ತದಾ, ಬೇರೆ ಮಾಡಿ. ಮಾಡ್‌ನಿಂದ ಬ್ಯಾಟರಿ ಜಾರಿ ಹೊರಬರುತ್ತದಾ, ತೆಗೆಯಿರಿ. ತೆಗೆದ ಬ್ಯಾಟರಿಯ ಎರಡೂ ತುದಿಗೆ ಅಡ್ಡಲಾಗಿ ಟೇಪ್ ಹಾಕಿ, ಟೇಪಿನ ಅಂಚು ಪಕ್ಕಕ್ಕೆ ಮಡಚಿ ಅಂಟಲಿ, ಇಲ್ಲದಿದ್ದರೆ ಡಬ್ಬಿಯಲ್ಲಿ ಉಜ್ಜಿ ಕಿತ್ತುಬರುತ್ತದೆ. ಪಾಡ್ ಕಿತ್ತ ಮೇಲೆ ಕೆಳಗಿನ ಭಾಗದಲ್ಲಿ ಚಿನ್ನದ ಬಣ್ಣದ ಎರಡು ಪುಟ್ಟ ಮೊಳೆಗಳು ಕಾಣುತ್ತವೆ. ಅವುಗಳ ಮೇಲೂ ಒಂದು ತುಂಡು ಟೇಪ್.

ಅಷ್ಟೇ. ಇಲ್ಲಿಗೆ ನಿಲ್ಲಿಸಿ.

ಸ್ಕ್ರೂಡ್ರೈವರ್, ಚಾಕು, ಕಟಿಂಗ್ ಪ್ಲೇಯರ್ ಯಾವುದೂ ಬೇಡ. ಇದನ್ನು ಒತ್ತಿ ಹೇಳೋದಕ್ಕೆ ಕಾರಣ ನಮ್ಮ ಹುಡುಗರಲ್ಲಿ ಅರ್ಧ ಜನ ಇಂಜಿನಿಯರುಗಳು. ಹತ್ತು ವೇಪ್ ಬಿಚ್ಚಿ ಪವರ್ ಬ್ಯಾಂಕ್ ಮಾಡೋ ವಿಡಿಯೋ ನೋಡಿ ಕೈ ತುರಿಸುತ್ತದೆ. ಮೇಲೆ ಹೇಳಿದ ಸಂಶೋಧನೆ ಓದಿದರೆ ಇನ್ನೂ ಜಾಸ್ತಿ ತುರಿಸುತ್ತದೆ. ಆದರೆ ಯೂಸ್ ಅಂಡ್ ಥ್ರೋ ವೇಪ್‌ನ ಸೆಲ್‌ನಲ್ಲಿ, ಮೊಬೈಲ್ ಬ್ಯಾಟರಿಯಲ್ಲಿರುವ ಹಾಗೆ ಅತಿಯಾದ ಚಾರ್ಜ್ ಆಗದಂತೆ ತಡೆಯುವ ರಕ್ಷಣಾ ಸರ್ಕಿಟ್ ಸಾಮಾನ್ಯವಾಗಿ ಇರೋದಿಲ್ಲ. ಚಿಪ್ಪು ಸೀಳುವಾಗ ಚಾಕುವಿನ ತುದಿ ಸೆಲ್‌ಗೆ ಒಂದು ಮಿಲಿಮೀಟರ್ ಇಳಿದರೂ ಸಾಕು. ಜೊತೆಗೆ ಕೈತುಂಬಾ ನಿಕೋಟಿನ್ ದ್ರವ. ಮರುಬಳಕೆ ಘಟಕದಲ್ಲೂ ಇದನ್ನು ಜನ ಕೂತು ಬಿಚ್ಚುತ್ತಾರೆ ನಿಜ, ಆದರೆ ಅವರಿಗೆ ತರಬೇತಿ ಇದೆ, ಬೆಂಕಿ ಹತ್ತಿದರೆ ಏನು ಮಾಡಬೇಕೆಂಬ ವ್ಯವಸ್ಥೆ ಇದೆ. ನಿಮ್ಮ ಬಾಡಿಗೆ ರೂಮಿನ ಕಾರ್ಪೆಟ್ ಮೇಲೆ ಏನೂ ಇಲ್ಲ.

ಹಂತ 5: ಉಳಿದ ದ್ರವ

ಇಲ್ಲಿನ ಕಾನೂನಿನ ಪ್ರಕಾರ ವೇಪ್ ಟ್ಯಾಂಕ್ 2 ಮಿಲಿಲೀಟರ್ ಮೀರಬಾರದು, ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದು. ಅಂದರೆ ತುಂಬಿದ ಟ್ಯಾಂಕಿನಲ್ಲಿ ಹೆಚ್ಚೆಂದರೆ 40 ಮಿಲಿಗ್ರಾಂ. ಮತ್ತೆ ತುಂಬಿಸುವ ಬಾಟಲಿ 10 ಮಿಲಿಲೀಟರಿನದು, ಅದರಲ್ಲಿ 200 ಮಿಲಿಗ್ರಾಂ ತನಕ ಇರಬಹುದು. ದೊಡ್ಡವರು ದಿನವಿಡೀ ಸ್ವಲ್ಪ ಸ್ವಲ್ಪ ಎಳೆಯೋದು ಬೇರೆ, ಮಗು ಒಂದೇ ಸಲ ನುಂಗೋದು ಬೇರೆ. ಎರಡನೆಯದು ಪ್ರಾಣಾಪಾಯ. ವಾಸನೆ ಬೇರೆ ಚಾಕೊಲೇಟ್‌ನದು.

ಹಾಗಾಗಿ ದ್ರವವನ್ನು ಸಿಂಕ್‌ಗೆ, ಟಾಯ್ಲೆಟ್‌ಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಪಾಡ್‌ನಲ್ಲಿ ಉಳಿದದ್ದು ಪಾಡ್‌ನಲ್ಲೇ ಇರಲಿ, ಪಾಡ್ ಅನ್ನು ಒಂದು ಜಿಪ್ ಕವರ್‌ಗೆ ಹಾಕಿ. ದ್ರವ ಉಳಿದ ಬಾಟಲಿಯ ಮುಚ್ಚಳ ಬಿಗಿ ಮಾಡಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ವೇಪ್ ಕೊಡುವಾಗ ಅಂಗಡಿಯಲ್ಲೋ ಕೌನ್ಸಿಲ್‌ನ ಮರುಬಳಕೆ ಕೇಂದ್ರದಲ್ಲೋ ಕೇಳಿ ಕೊಡಿ. ಕೈಗೆ ತಾಗಿದರೆ ತಕ್ಷಣ ಸೋಪು ನೀರಲ್ಲಿ ತೊಳೆಯಿರಿ, ನಿಕೋಟಿನ್ ಚರ್ಮದ ಮೂಲಕವೂ ಒಳಹೋಗುತ್ತದೆ.

ಮಗು ಬಾಯಿಗೆ ಹಾಕಿಕೊಂಡಿತಾ? ವಾಂತಿ ಮಾಡಿಸೋದಕ್ಕೆ ಹೋಗಬೇಡಿ. ಉಪ್ಪುನೀರು ಕುಡಿಸುವ ಅಜ್ಜಿ ಉಪಾಯ ಇಲ್ಲಿ ಬೇಡ. ತಕ್ಷಣ 111ಕ್ಕೆ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಸಹಾಯವಾಣಿಗೆ, ಫೋನ್ ಮಾಡಿ. ಮಗು ವಾಂತಿ ಮಾಡುತ್ತಿದ್ದರೆ, ಜೊಲ್ಲು ಸುರಿಸುತ್ತಾ ಮಂಕಾದರೆ, ನಡುಕ ಬಂದರೆ 999. ಬಾಟಲಿ ಕೈಯಲ್ಲಿ ಹಿಡಿದುಕೊಳ್ಳಿ, ಎಷ್ಟು ಮಿಲಿಗ್ರಾಂ ಅಂತ ಅವರು ಕೇಳುತ್ತಾರೆ.

ಹಂತ 6: ಕೊಡುವ ತನಕ ಎಲ್ಲಿ ಇಡೋದು

ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಣ್ಣಗಿನ ಒಣ ಜಾಗದಲ್ಲಿ. ಮುಚ್ಚಳ ಗಟ್ಟಿಯಾಗಿ ಒತ್ತಬೇಡಿ, ಸುಮ್ನೆ ಮೇಲಿಟ್ಟರೆ ಸಾಕು. ರೇಡಿಯೇಟರ್ ಮೇಲೆ ಬೇಡ, ಬಿಸಿಲು ಬೀಳುವ ಕಿಟಕಿ ಕಟ್ಟೆ ಬೇಡ, ಕಾರಿನ ಡ್ಯಾಶ್‌ಬೋರ್ಡ್ ಬೇಡ. ಹೊರಹೋಗುವ ಬಾಗಿಲ ಪಕ್ಕದಲ್ಲೂ ಬೇಡ. ಅಲ್ಲಿ ಬೆಂಕಿ ಹತ್ತಿದರೆ ಓಡೋದಕ್ಕೆ ದಾರಿ ಇರೋದಿಲ್ಲ. "ಡಬ್ಬಿ ತುಂಬಲಿ, ಒಂದೇ ಸಲ ಒಯ್ಯೋಣ" ಅನ್ನೋದು ನಮ್ಮ ಹಳೇ ಪೇಪರ್ ಬುದ್ಧಿ. ಪೇಪರ್‌ಗೆ ಸರಿ, ಇದಕ್ಕಲ್ಲ. ಮೂರು ನಾಲ್ಕು ಆದ ಕೂಡಲೇ ಕೊಟ್ಟುಬಿಡಿ.

ಹಂತ 7: ಎಲ್ಲಿಗೆ ಕೊಡೋದು

ಎಲ್ಲಕ್ಕಿಂತ ಸುಲಭ ಅಂಗಡಿ. ಬ್ರಿಟನ್‌ನಲ್ಲಿ ವೇಪ್ ಮಾರುವ ಪ್ರತಿ ಅಂಗಡಿ, ಬೀದಿ ಮೂಲೆಯ ಚಿಕ್ಕದೂ ಸೇರಿ, ಗಿರಾಕಿಗಳಿಂದ ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಇಟ್ಟಿರಬೇಕು. ಇದಕ್ಕೆ ಟೇಕ್ ಬ್ಯಾಕ್ ಅನ್ನುತ್ತಾರೆ. ವೇಪ್ ಮಾತ್ರ ಅಲ್ಲ, ಪಾಡ್, ಕಾಯಿಲ್, ಬ್ಯಾಟರಿ ಕೂಡ. ದುಡ್ಡು ಕೊಡಬೇಕಿಲ್ಲ. ಹೊಸದು ಕೊಳ್ಳುವಾಗ ಹಳೆಯದನ್ನು ಮುಂದಿಟ್ಟರೆ ಇಲ್ಲ ಅನ್ನುವ ಹಾಗಿಲ್ಲ. ಎಲೆಕ್ಟ್ರಿಕ್ ಸಾಮಾನಿಗೆ 400 ಚದರ ಮೀಟರ್‌ಗಿಂತ ಜಾಸ್ತಿ ಜಾಗ ಇಟ್ಟಿರುವ ದೊಡ್ಡ ಅಂಗಡಿಗಳು, ನೀವು ಏನೂ ಕೊಳ್ಳದಿದ್ದರೂ 25 ಸೆಂಟಿಮೀಟರ್‌ಗಿಂತ ಚಿಕ್ಕ ಎಲೆಕ್ಟ್ರಿಕ್ ವಸ್ತು ತೆಗೆದುಕೊಳ್ಳಬೇಕು.

ಕಾನೂನು ಹೀಗಿದ್ದರೂ ಕೌಂಟರ್ ಹಿಂದಿರುವವರಿಗೆ ಅದು ಗೊತ್ತಿರಬೇಕಲ್ಲ. ನಮ್ಮ ಬೀದಿಯ ಒಂದು ಅಂಗಡಿಯಲ್ಲಿ ನಾನು ಕೊಟ್ಟದ್ದನ್ನು ಆ ಹುಡುಗ "ನೋ ಪ್ರಾಬ್ಲಂ" ಅಂತ ತೆಗೆದುಕೊಂಡು, ನನ್ನ ಕಣ್ಣೆದುರೇ ಕಾಲ ಬಳಿಯ ಕಸದ ಬುಟ್ಟಿಗೆ ಹಾಕಿದ. ವಾಪಸ್ ಕೇಳಿ ಇಸ್ಕೊಂಡು ಬಂದೆ. ಹಾಗಾಗಿ "ರಿಸೈಕ್ಲಿಂಗ್ ಡಬ್ಬಿ ಎಲ್ಲಿದೆ?" ಅಂತ ಮೊದಲೇ ಕೇಳಿ. ತೋರಿಸಿದರೆ ನೀವೇ ಹಾಕಿ. ಡಬ್ಬಿ ಇಲ್ಲದಿದ್ದರೆ ಜಗಳ ಬೇಡ, ಇನ್ನೊಂದು ಅಂಗಡಿ ನೋಡಿ. ವೇಪ್ ಒಂದನ್ನೇ ಮಾರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೌಂಟರ್ ಪಕ್ಕದಲ್ಲೇ ಇರುತ್ತದೆ.

ಎರಡನೆಯದು ಕೌನ್ಸಿಲ್‌ನ ಮರುಬಳಕೆ ಕೇಂದ್ರ. ಇಲ್ಲಿನವರು ಬಾಯಿಮಾತಲ್ಲಿ ಟಿಪ್ ಅನ್ನುತ್ತಾರೆ. ಸ್ಮಾಲ್ ಎಲೆಕ್ಟ್ರಿಕಲ್ಸ್ ಅನ್ನೋ ವಿಭಾಗ ಇರುತ್ತದೆ, ಕೆಲವು ಕಡೆ ವೇಪ್‌ಗೇ ಬೇರೆ ಡಬ್ಬಿ. ನೀವಾಗೇ ಹಾಕುವ ಮುಂಚೆ ಅಲ್ಲಿರುವ ಸಿಬ್ಬಂದಿಯನ್ನು ಕೇಳಿ. ಹೊರಡುವ ಮುಂಚೆ ಕೌನ್ಸಿಲ್ ವೆಬ್‌ಸೈಟ್ ನೋಡೋದು ಮರೆಯಬೇಡಿ. ಕೆಲವು ಕಡೆ ಮುಂಗಡ ಬುಕ್ ಮಾಡಬೇಕು, ಕೆಲವು ಕಡೆ ವಿಳಾಸದ ಪುರಾವೆ ಕೇಳುತ್ತಾರೆ, ಕೆಲವು ಕಡೆ ಕಾರಿಲ್ಲದೆ ನಡೆದು ಬಂದವರನ್ನು ಒಳಗೆ ಬಿಡೋದಿಲ್ಲ. ಎರಡು ಬಸ್ ಬದಲಿಸಿ ಗೇಟಿನ ಹತ್ತಿರ ಹೋಗಿ ಇದು ಗೊತ್ತಾದರೆ ಹೇಗಿರುತ್ತೆ ಹೇಳಿ.

ಮೂರನೆಯದು ಮನೆ ಬಾಗಿಲಲ್ಲೇ ಸಂಗ್ರಹ. ಕೆಲವು ಕೌನ್ಸಿಲ್‌ಗಳು ಬ್ಯಾಟರಿ, ಸಣ್ಣ ಎಲೆಕ್ಟ್ರಿಕ್ ವಸ್ತುಗಳನ್ನು ಬೇರೆ ಚೀಲದಲ್ಲಿ ಹಾಕಿ ಬಿನ್‌ನ ಮುಚ್ಚಳದ ಮೇಲೆ ಇಟ್ಟರೆ ಒಯ್ಯುತ್ತವೆ. ಮೇಲೆ, ಒಳಗೆ ಅಲ್ಲ. ನಿಮ್ಮ ಕೌನ್ಸಿಲ್ ವೇಪ್ ಒಯ್ಯುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಇದನ್ನು ಮಾಡಿ.

ಹತ್ತಿರದ ಜಾಗ ಹುಡುಕೋದಕ್ಕೆ ರಿಸೈಕಲ್ ಯುವರ್ ಎಲೆಕ್ಟ್ರಿಕಲ್ಸ್ ಅಂತ ಒಂದು ವೆಬ್‌ಸೈಟ್ ಇದೆ. ಪೋಸ್ಟ್‌ಕೋಡ್ ಹಾಕಿದರೆ ಪಟ್ಟಿ ಬರುತ್ತದೆ.

ಜನ ಎಡವುವ ಜಾಗಗಳು

ಮೊದಲನೆಯದು ಸೂಪರ್‌ಮಾರ್ಕೆಟ್ ಬಾಗಿಲ ಬಳಿ ಇರುವ ಬ್ಯಾಟರಿ ಡಬ್ಬಿ. ವರ್ಷಕ್ಕೆ 32 ಕಿಲೋಗಿಂತ ಜಾಸ್ತಿ ಬ್ಯಾಟರಿ ಮಾರುವ ಅಂಗಡಿಗಳು ಅದನ್ನು ಇಡಲೇಬೇಕು, ಹಾಗಾಗಿ ಎಲ್ಲೆಲ್ಲೂ ಕಾಣುತ್ತದೆ. "ವೇಪ್‌ನಲ್ಲೂ ಬ್ಯಾಟರಿ ಇದೆಯಲ್ಲ" ಅಂತ ಜನ ಅದಕ್ಕೇ ತುರುಕುತ್ತಾರೆ. ಅದು ಬಿಡಿ ಬ್ಯಾಟರಿಗೆ. ಮಾಡ್‌ನಿಂದ ತೆಗೆದು ಟೇಪ್ ಹಾಕಿದ ಸೆಲ್ ಅಲ್ಲಿಗೆ ಹೋಗಬಹುದು. ಇಡೀ ವೇಪ್ ಹೋಗಬಾರದು, ಡಬ್ಬಿಯ ಮೇಲೇ ವೇಪ್ ಅಂತ ಬರೆದಿದ್ದರೆ ಬೇರೆ ಮಾತು.

ಇನ್ನೊಂದು, ಪ್ಲಾಸ್ಟಿಕ್ ಅಂತ ನೋಡಿ ರಿಸೈಕ್ಲಿಂಗ್ ಬಿನ್‌ಗೆ ಹಾಕೋದು. ಉದ್ದೇಶ ಒಳ್ಳೆಯದು, ಫಲ ಕೆಟ್ಟದ್ದು. ರಿಸೈಕ್ಲಿಂಗ್ ಲಾರಿಯಲ್ಲಿ ಇರೋದೆಲ್ಲ ಒಣ ರಟ್ಟು. ವೇಪ್‌ನ ಮೇಲೋ ಪೆಟ್ಟಿಗೆ ಮೇಲೋ ಚಕ್ರದ ಬಿನ್‌ಗೆ ಅಡ್ಡಗೀಟು ಹಾಕಿದ ಚಿತ್ರ ಇರುತ್ತದೆ, ಹುಡುಕಿ ನೋಡಿ. ಅದರ ಅರ್ಥ ಇದೇ.

ಅಂಚೆಯಲ್ಲಿ ಕಳಿಸೋ ಯೋಚನೆಯೂ ಬೇಡ. ಜಖಂ ಆದ ಬ್ಯಾಟರಿ ಅಂಚೆಗೆ ನಿಷಿದ್ಧ.

ಫುಟ್‌ಪಾತ್‌ನಲ್ಲಿ ಬಿದ್ದದ್ದು ಸಿಕ್ಕರೆ? ಚೆನ್ನಾಗಿರುವ ಹಾಗೆ ಕಂಡರೆ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು ಎತ್ತಿ, ಚೀಲವನ್ನು ತಿರುಗಿಸಿ ಗಂಟು ಹಾಕಿ, ಇಲ್ಲಿ ನಾಯಿ ಸಾಕಿದವರು ಮಾಡುತ್ತಾರಲ್ಲ ಹಾಗೆ. ಕಾರಿನ ಚಕ್ರ ಹತ್ತಿ ಚಪ್ಪಟೆಯಾಗಿ, ಒಳಗಿನ ಬೆಳ್ಳಿಬಣ್ಣದ ಸಿಲಿಂಡರ್ ಹೊರಗೆ ಬಂದಿದ್ದರೆ ಎತ್ತಬೇಡಿ. ಕೌನ್ಸಿಲ್‌ಗೆ ತಿಳಿಸಿ. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಈ ಪ್ಯಾರಾವನ್ನು ಅವರಿಗೂ ಓದಿ ಹೇಳಿ.

ಮಗುವಿನ ಜೇಬಲ್ಲಿ ಸಿಕ್ಕಿದ್ದಕ್ಕೂ ಇದೇ ಹಂತಗಳು. ಸಿಟ್ಟಿನಲ್ಲಿ ಸುತ್ತಿಗೆಯಿಂದ ಒಡೆಯೋದು, ತುಳಿಯೋದು ಬೇಡ. 18 ತುಂಬದವರಿಗೆ ಮಾರೋದು ಇಲ್ಲಿ ಅಪರಾಧ, ಹಾಗಾಗಿ ಮಗುವಿನ ಕೈಲೇ ವಾಪಸ್ ಕೊಟ್ಟು ಬಾ ಅನ್ನದೆ ನೀವೇ ಒಯ್ಯಿರಿ.

ಕೊಟ್ಟ ಮೇಲೆ ಏನಾಗುತ್ತದೆ

ಘಟಕದಲ್ಲಿ ವೇಪ್ ಬಿಚ್ಚಿ ಬ್ಯಾಟರಿ ಬೇರೆ ಮಾಡುತ್ತಾರೆ. ಚಿಪ್ಪಿನ ಲೋಹ, ತಾಮ್ರದ ತಂತಿ ಒಂದು ದಾರಿ. ನಿಕೋಟಿನ್ ಹೀರಿದ ಹತ್ತಿ, ಪ್ಲಾಸ್ಟಿಕ್ ಸಾಮಾನ್ಯವಾಗಿ ಸುಡೋದಕ್ಕೆ ಹೋಗುತ್ತದೆ. ಬ್ಯಾಟರಿಗಳನ್ನು ಪುಡಿ ಮಾಡಿದಾಗ ಸಿಗೋದು ಕಪ್ಪು ಹುಡಿ, ಬ್ಲ್ಯಾಕ್ ಮಾಸ್ ಅನ್ನುತ್ತಾರೆ. ಕಾಡಿಗೆಯ ಹಾಗೆ ಕಾಣುವ ಅದರಲ್ಲಿ ಲಿಥಿಯಂ, ಕೋಬಾಲ್ಟ್, ನಿಕ್ಕಲ್, ಗ್ರಾಫೈಟ್ ಬೆರೆತಿರುತ್ತವೆ. ಒಂದು ಯೂಸ್ ಅಂಡ್ ಥ್ರೋ ವೇಪ್‌ನಲ್ಲಿ ಲಿಥಿಯಂ ಸುಮಾರು 0.15 ಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ವಾರಕ್ಕೆ 50 ಲಕ್ಷದಿಂದ ಗುಣಿಸಿದರೆ 750 ಕಿಲೋ.

ಒಂದೊಂದನ್ನೂ ಕೈಯಿಂದ ಬಿಚ್ಚುವ ಖರ್ಚು, ಸಿಗುವ ಲೋಹದ ಬೆಲೆಗಿಂತ ಜಾಸ್ತಿ. ಅಂದರೆ ಇದು ಗುಜರಿಯ ಹಾಗೆ ತೂಕಕ್ಕೆ ದುಡ್ಡು ಬರುವ ವ್ಯವಹಾರ ಅಲ್ಲ. ಹೊಸದು ಕೊಳ್ಳುವವರು ಮತ್ತೆ ತುಂಬಿಸುವಂಥದ್ದನ್ನು ಕೊಂಡು, ನಿಜವಾಗಿಯೂ ಮತ್ತೆ ತುಂಬಿಸಿದರೆ ಈ ತಾಪತ್ರಯದಲ್ಲಿ ಮುಕ್ಕಾಲು ಭಾಗ ಹೋಗುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಊರಿಗೆ ಹೊರಟಿದ್ದೀರಾ?

ವೇಪ್ ಒಯ್ಯಬೇಡಿ. ಹೊಸದೂ ಬೇಡ, ಮುಗಿದದ್ದೂ ಬೇಡ. ಕರ್ನಾಟಕದಲ್ಲಿ ಇ-ಸಿಗರೇಟ್ ನಿಷೇಧ 2016ರಲ್ಲೇ ಬಂತು. 2019ರಲ್ಲಿ ಕೇಂದ್ರದ ಕಾಯ್ದೆಯೇ ಬಂದು ಇಡೀ ಭಾರತದಲ್ಲಿ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲ ನಿಷೇಧ ಆಯಿತು. ಆಮದು, ಮಾರಾಟಕ್ಕೆ ಮೊದಲ ಸಲ ಒಂದು ವರ್ಷದ ತನಕ ಜೈಲು, ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳ ತನಕ ಜೈಲು, ಅಥವಾ 50,000 ರೂಪಾಯಿ ತನಕ ದಂಡ, ಅಥವಾ ಎರಡೂ. ತಮ್ಮನಿಗೆ ಗಿಫ್ಟ್ ಅಂತ ನಾಲ್ಕು ಒಯ್ಯುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಅಲ್ಲಿ ಮಾರಾಟವೇ ಕಾನೂನುಬಾಹಿರ. ಹಾಗಾಗಿ ಇಲ್ಲಿನ ಹಾಗೆ "ಕೊಂಡ ಅಂಗಡಿಗೆ ವಾಪಸ್ ಕೊಡಿ" ಅನ್ನುವ ದಾರಿಯೇ ಇಲ್ಲ. ಸೂಟ್‌ಕೇಸ್ ಮೂಲೆಯಲ್ಲಿ ಮರೆತು ಹೋದದ್ದು ಊರಿನ ಒಣ ಕಸಕ್ಕೆ ಸೇರಿದರೆ ಅದನ್ನು ಬರಿಗೈಯಲ್ಲಿ ವಿಂಗಡಿಸೋದು ಯಾರು ಅಂತ ನಿಮಗೇ ಗೊತ್ತು.

ಬೇರೆ ದೇಶಕ್ಕೆ ವಿಮಾನ ಹತ್ತುವಾಗಲೂ ಒಂದು ನಿಯಮ ಇದೆ. ವೇಪ್ ಮತ್ತು ಬಿಡಿ ಬ್ಯಾಟರಿ ಕೈಚೀಲದಲ್ಲಿ ಮಾತ್ರ, ಚೆಕ್-ಇನ್ ಬ್ಯಾಗ್‌ನಲ್ಲಿ ಇಲ್ಲ. ವಿಮಾನದೊಳಗೆ ಸೇದೋದು, ಚಾರ್ಜ್ ಮಾಡೋದು ಎರಡೂ ಇಲ್ಲ.

ಪ್ಯಾಕಿಂಗ್ ಶುರು ಮಾಡುವ ದಿನವೇ ಕೋಟು, ಜಾಕೆಟ್, ಲ್ಯಾಪ್‌ಟಾಪ್ ಬ್ಯಾಗ್‌ನ ಎಲ್ಲ ಜೇಬುಗಳನ್ನು ತಡಕಿ, ಚಳಿಗಾಲದ ಕೋಟಿನ ಒಳಜೇಬನ್ನೂ ಸೇರಿಸಿ. ಸಿಕ್ಕದ್ದನ್ನು ಅವತ್ತೇ ಅಂಗಡಿಗೆ ಕೊಟ್ಟುಬಿಡಿ. ಹೀಥ್ರೂ ತಲುಪಿ ಸೆಕ್ಯುರಿಟಿ ಸಾಲಿನಲ್ಲಿ ನಿಂತಾಗ ನೆನಪಾದರೆ, ಪಕ್ಕದಲ್ಲಿ ಕಾಣುವ ಕಸದ ಡಬ್ಬಿಗೆ ಕೈ ಚಾಚುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ಕರೆದು ಕೇಳಿ.